ಸೀರೆಯಲ್ಲಿ ಮುಗಿದುಹೋಗುತ್ತಿದ್ದ ಹುಳು: ಶಿಡ್ಲಘಟ್ಟ ಸೀಮೆಯ ಒಂದು ತರಗತಿಯ ಪ್ರಕರಣ ಅಧ್ಯಯನ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ. ನಾಲ್ಕು ಮತ್ತು ಐದನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ, ಒಟ್ಟು 26 ಮಕ್ಕಳು. ಊರಿನ ಸುತ್ತ ಹಿಪ್ಪುನೇರಳೆ ತೋಟ, ಬಹುಪಾಲು ಮನೆಗಳಲ್ಲಿ ರೇಷ್ಮೆ ಹುಳು ಸಾಕಣೆ. ಸಾಕದವರು ಗೂಡಿನಿಂದ ನೂಲು ತೆಗೆಯುವ ಪಟ್ಟಣದ ಬಿಚ್ಚಾಣಿಕೆ ಘಟಕಗಳಿಗೆ ಕೂಲಿಗೆ ಹೋಗುತ್ತಾರೆ. ಮಾತು ಕಲಿಯುವ ಮೊದಲೇ ಇಲ್ಲಿನ ಮಗುವಿಗೆ ಹುಳು ಸೊಪ್ಪು ಮೇಯುವ ಸದ್ದು ಗೊತ್ತಿರುತ್ತದೆ.

ಪರಿಸರ ಅಧ್ಯಯನದ ಕೀಟಗಳ ಪಾಠವನ್ನು ಚಿತ್ರ ಮತ್ತು ಕತೆಯ ಮೂಲಕ ಕಲಿಸಬೇಕೆಂದು ತರಗತಿಯ ಶಿಕ್ಷಕಿ ಜುಲೈ ಕೊನೆಯಲ್ಲಿ ಆರು ವಾರದ ಕೆಲಸ ಹಾಕಿಕೊಂಡರು. ಶನಿವಾರ ಬೆಳಗ್ಗೆ ಒಂದೂವರೆ ಗಂಟೆ, ಉಳಿದ ದಿನ ಪ್ರಾರ್ಥನೆ ಮುಗಿದ ಮೇಲೆ 10 ನಿಮಿಷ. ಮೊದಲ ಶನಿವಾರ ಏನನ್ನೂ ಹೇಳಿಕೊಡದೆ ಅರ್ಧ ಡ್ರಾಯಿಂಗ್ ಶೀಟ್ ಕೊಟ್ಟು, ರೇಷ್ಮೆ ಹುಳುವಿನ ಬದುಕನ್ನು ಮೊದಲಿಂದ ಕೊನೆಯವರೆಗೆ ಬರೆಯಲು ಹೇಳಿದರು.

ಅರ್ಧಕ್ಕಿಂತ ಹೆಚ್ಚು ಹಾಳೆಗಳಲ್ಲಿ ಸಾಲು ಹೀಗಿತ್ತು: ಚಾಕಿ ಹುಳು (ಎಳೆಯ ಹುಳು), ದೊಡ್ಡ ಹುಳು, ಚಂದ್ರಿಕೆ (ಹುಳು ಗೂಡು ಕಟ್ಟಲು ಬಿಡುವ ತಟ್ಟೆ), ಗೂಡು, ಮಾರ್ಕೆಟ್, ಸೀರೆ. ಒಬ್ಬಳು ಸೀರೆಗೆ ಜರಿ ಅಂಚನ್ನೂ ಬರೆದಿದ್ದಳು. ಇನ್ನೊಬ್ಬ ಕೊನೆಯ ಚೌಕದಲ್ಲಿ ನೋಟಿನ ಕಟ್ಟು ಬರೆದಿದ್ದ. ಚಿಟ್ಟೆ ಕಾಣಿಸಿದ್ದು ಕೆಲವೇ ಹಾಳೆಗಳಲ್ಲಿ, ಅದೂ ಪುಸ್ತಕದ ಬಣ್ಣಬಣ್ಣದ ಚಿಟ್ಟೆ. ಚಿಟ್ಟೆ ಎಲ್ಲಿ ಎಂದು ಕೇಳಿದಾಗ ಬಂದ ಉತ್ತರ: "ಚಿಟ್ಟೆ ಬರಲ್ಲ ಮಿಸ್, ಗೂಡು ಮಾರ್ಕೆಟ್‌ಗೆ ಹೋಗುತ್ತೆ."

ಮಕ್ಕಳು ತಪ್ಪು ಹೇಳಿರಲಿಲ್ಲ, ಕಂಡದ್ದನ್ನೇ ಬರೆದಿದ್ದರು. ಹುಳು ಹಣ್ಣಾಗಿ, ಅಂದರೆ ಪೂರ್ತಿ ಬೆಳೆದು, ಗೂಡು ಕಟ್ಟಿದ ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕುತ್ತಾರೆ. ಅಲ್ಲಿಂದ ಅದು ನೂಲು ಬಿಚ್ಚಿಸುವ ರೀಲರ್ ಕೈಗೆ, ಬಿಸಿಗೆ, ಕುದಿನೀರಿಗೆ. ಚಿಟ್ಟೆ ಹೊರಬಂದರೆ ಗೂಡಿಗೆ ತೂತು ಬೀಳುತ್ತದೆ, ಎಳೆ ತುಂಡಾಗುತ್ತದೆ, ಅಂಥ ಗೂಡನ್ನು ಬಿಚ್ಚಲಾಗುವುದಿಲ್ಲ. ಹೀಗಾಗಿ ರೇಷ್ಮೆ ಊರಿನ ಮಗುವಿಗೆ ಹುಳುವಿನ ಬದುಕಿನ ಕೊನೆಯ ಭಾಗವನ್ನು ಕಾಣುವ ಅವಕಾಶವೇ ಇರುವುದಿಲ್ಲ. ನಗರದ ಮಗುವಿಗೆ ಹುಳು ಅಪರಿಚಿತವಾದರೆ ಈ ಮಗುವಿಗೆ ಅದು ಅತಿ ಪರಿಚಿತ. ಎರಡರಲ್ಲಿ ಕಷ್ಟದ ಪಾಠ ಎರಡನೆಯದೇ.

ಇನ್ನೂ ಎರಡು ಸಂಗತಿಗಳು ಅದೇ ದಿನ ಹೊರಬಿದ್ದವು. ಪೊರೆ ಬಿಡುವುದಕ್ಕೆ ಸಾಕುವವರು "ಜ್ವರ" ಎನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಕೆಲವು ಮಕ್ಕಳು ಹುಳುವಿನ ಪಕ್ಕದಲ್ಲಿ ಮಾತ್ರೆ ಮತ್ತು ಥರ್ಮಾಮೀಟರ್ ಬರೆದಿದ್ದರು. ಎರಡನೆಯದು, ನಿಂಬೆಗಿಡದ ಹಸಿರು ಹುಳುವನ್ನು ತೋರಿಸಿ ಇದೂ ರೇಷ್ಮೆ ಹುಳುವಿನ ಹಾಗೆಯೇ ಅಲ್ಲವೇ ಎಂದರೆ ಇಡೀ ತರಗತಿ ಒಪ್ಪಲಿಲ್ಲ. ರೇಷ್ಮೆಯದು "ಹುಳು", ಮಿಕ್ಕದ್ದೆಲ್ಲ ಔಷಧಿ ಹೊಡೆಯಬೇಕಾದ "ಹುಳ".

ಭಾಷೆಯ ಪದರವೂ ಒಂದಿತ್ತು. ಹಲವು ಮನೆಗಳಲ್ಲಿ ತೆಲುಗು, ಕೆಲವರಲ್ಲಿ ಉರ್ದು. ಮಗು ಇರುವೆಗೆ ಚೀಮ ಎನ್ನುತ್ತದೆ, ಚಿಟ್ಟೆಗೆ ಸೀತಾಕೋಕಚಿಲುಕ ಅಥವಾ ತಿತ್ಲಿ. ಶಿಕ್ಷಕಿ ಮಾಡಿದ ಒಳ್ಳೆಯ ತೀರ್ಮಾನವೆಂದರೆ ಕತೆಯನ್ನು ಮೊದಲು ಮನೆಮಾತಿನಲ್ಲೇ ಹೇಳಿಸಿ, ಚಿತ್ರದ ಕೆಳಗೆ ಮಾತ್ರ ಕನ್ನಡದಲ್ಲಿ ಬರೆಸಿದ್ದು. ಮೊದಲ ವಾರ ಬಾಯಿ ಬಿಡದ ಮೂವರು ಎರಡನೇ ವಾರದಿಂದ ಎಲ್ಲರಿಗಿಂತ ಹೆಚ್ಚು ಮಾತಾಡಿದರು.

ಹುಳು ತರುವುದು, ಇಡುವುದು

ಮೂರನೇ ಜ್ವರ ಮುಗಿಸಿ ಎದ್ದ 24 ಹುಳುಗಳನ್ನು ಒಂದೇ ಮನೆಯಿಂದ ತರಲಾಯಿತು. ಆರು ಗುಂಪು, ಗುಂಪಿಗೆ ನಾಲ್ಕು. ಈ ಹಂತದಲ್ಲೇ ತರಬೇಕೆನ್ನಲು ಕಾರಣವಿದೆ: ಮೂರ್ನಾಲ್ಕು ದಿನದಲ್ಲಿ ನಾಲ್ಕನೇ ಜ್ವರ ನೋಡಲು ಸಿಗುತ್ತದೆ, ಆಮೇಲೆ ಒಂದು ವಾರ ಹೊಟ್ಟೆಬಾಕತನ, ಮೂರು ದಿನ ಗೂಡು ಕಟ್ಟುವುದು, ಮುಂದೆ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ. ಎಲ್ಲ ಸೇರಿ ನಾಲ್ಕು ವಾರದೊಳಗೆ ಮುಗಿಯುತ್ತದೆ. ಚಾಕಿ ಹುಳು ತಂದರೆ ಎಳೆ ಎಲೆ ಕತ್ತರಿಸಿ ಹಾಕಬೇಕು, ತೇವ ನೋಡಿಕೊಳ್ಳಬೇಕು. ಶಾಲೆಯಲ್ಲಿ ಅದು ಆಗದ ಕೆಲಸ.

ಗುಂಪಿಗೊಂದು ಚಪ್ಪಲಿ ಡಬ್ಬಿ, ತಳಕ್ಕೆ ದಿನಪತ್ರಿಕೆ, ಮೇಲೆ ಸೊಳ್ಳೆಪರದೆಯ ಬಟ್ಟೆ, ಅದನ್ನು ಬಿಗಿಯಲು ರಬ್ಬರ್ ಬ್ಯಾಂಡು. ಕೊನೆಯ ವಾರದಲ್ಲಿ 24 ಹುಳುಗಳಿಗೆ ದಿನಕ್ಕೆ 100ರಿಂದ 150 ಗ್ರಾಂ ಎಲೆ ಸಾಕು. ಮಳೆಯಲ್ಲಿ ನೆನೆದ ಎಲೆಯನ್ನು ಬಟ್ಟೆಯಲ್ಲಿ ಒರೆಸಿಯೇ ಹಾಕಬೇಕು, ಡಬ್ಬಿಯಲ್ಲಿ ತೇವ ನಿಂತರೆ ರೋಗ ಬರುತ್ತದೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಚಿಟಿಕೆ ಸುಣ್ಣದ ಪುಡಿ ಉದುರಿಸಿ ಬಿಡಬೇಕು. ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿದರೆ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹುಳು ಹಿಡಿದರೆ ಎಲ್ಲ ಮುಗಿದಂತೆ. ಕೈ ತೊಳೆಯುವುದು ಮುಟ್ಟುವ ಮೊದಲೂ ಹೌದು, ಆಮೇಲೂ ಹೌದು.

ಇವೆಲ್ಲಕ್ಕಿಂತ ಮುಖ್ಯವಾದ ನಿಯಮ ಒಂದಿದೆ. ಶಾಲೆಗೆ ಬಂದ ಹುಳು, ಗೂಡು, ಉಳಿದ ಎಲೆ, ಹಿಕ್ಕೆ ಯಾವುದೂ ಯಾರ ಮನೆಯ ಹುಳುಮನೆಗೂ ವಾಪಸು ಹೋಗಕೂಡದು. ಹಾಲುತೊಂಡೆ, ಸುಣ್ಣಕಟ್ಟು, ಗಂಟುರೋಗ ಎಂಬ ಹುಳುವಿನ ರೋಗಗಳು ಒಂದು ಡಬ್ಬಿಯಿಂದ ಇಡೀ ಬೆಳೆಗೆ ಹರಡಬಲ್ಲವು. ಮಕ್ಕಳ ಪಾಠಕ್ಕಾಗಿ ಒಂದು ಕುಟುಂಬ ಬೆಳೆ ಕಳೆದುಕೊಂಡರೆ ಆ ಪಾಠಕ್ಕೆ ಅರ್ಥವಿಲ್ಲ. ಇದನ್ನು ಪೋಷಕರಿಗೆ ಮೊದಲೇ ಹೇಳಿದ್ದರಿಂದಲೇ ಅವರು ಹುಳು ಕೊಡಲು ಒಪ್ಪಿದರು.

ಇದರ ಜೊತೆಗೆ ಶಾಲೆಯ ನಿಂಬೆಗಿಡದಿಂದ ನಿಂಬೆ ಚಿಟ್ಟೆಯ ಆರು ಹುಳು. ನಿಂಬೆ ರೆಂಬೆಯನ್ನು ನೀರಿನ ಬಾಟಲಿಯಲ್ಲಿ ನಿಲ್ಲಿಸಿ, ಬಾಟಲಿಯ ಬಾಯಿಗೆ ಬಟ್ಟೆ ತುರುಕಬೇಕು. ಈ ತರಗತಿಯಲ್ಲಿ ಮೊದಲ ದಿನ ಹಾಗೆ ಮಾಡಲಿಲ್ಲ, ಒಂದು ಹುಳು ಕಾಂಡದ ಗುಂಟ ಕೆಳಗಿಳಿದು ನೀರಿನಲ್ಲಿ ಮುಳುಗಿ ಸತ್ತಿತು. ಮೈತುಂಬ ಕೂದಲಿರುವ ಕಂಬಳಿಹುಳುವನ್ನು ಮಾತ್ರ ತರುವಂತಿಲ್ಲವೆಂದು ಮೊದಲೇ ಕಟ್ಟುನಿಟ್ಟು ಮಾಡಬೇಕು. ಅದರ ಕೂದಲು ಚರ್ಮಕ್ಕೆ, ಅದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಕೆಡುಕು.

ಹದಿನಾಲ್ಕು ಮನೆಗಳ ಪಟ್ಟಿ

ಹುಳುವನ್ನು ಎದುರಿಗಿಟ್ಟು ಬರೆಯಿರಿ ಎಂದರೆ ಮಕ್ಕಳು ಹುಳುವನ್ನು ನೋಡುವುದಿಲ್ಲ. ತಲೆಯಲ್ಲಿರುವ ಹುಳುವನ್ನೇ ಬರೆಯುತ್ತಾರೆ: ಗುಂಡು ಗುಂಡು ಸರ, ಎರಡು ಕಣ್ಣು, ಒಂದು ನಗು. ಇದನ್ನು ಮುರಿಯಲು ಬಳಸಿದ ಉಪಾಯ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು, ಹಾಗಾಗಿ ವಿವರವಾಗಿ.

42 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಕಾಗದದ ಪಟ್ಟಿ. ಅದನ್ನು 3 ಸೆಂ.ಮೀ.ಗೊಂದರಂತೆ ಮಡಿಸಿದರೆ 14 ಮನೆಗಳು ಬರುತ್ತವೆ. ಚೌಕಾಬಾರ ಆಡುವ ಮಕ್ಕಳಿಗೆ ಮನೆ ಎಂಬ ಮಾತೇ ಸುಲಭ. ಮೊದಲ ಮನೆ ತಲೆ. ಎರಡು, ಮೂರು, ನಾಲ್ಕು ಎದೆ. ಐದರಿಂದ ಹದಿನಾಲ್ಕು ಹೊಟ್ಟೆ. ಪ್ರತಿ ಮನೆಯನ್ನೂ ಹುಳುವಿನ ಮೈಯಲ್ಲಿ ಹುಡುಕಿ, ಅಲ್ಲಿರುವುದನ್ನು ಮಾತ್ರ ತುಂಬಬೇಕು. ಭೂತಗನ್ನಡಿ ಗುಂಪಿಗೊಂದು. ಪೆನ್ಸಿಲ್ ಉಂಟು, ರಬ್ಬರ್ ಇಲ್ಲ.

ಹೀಗೆ ಹುಡುಕಿದಾಗ ಸಿಗುವುದು: ಎರಡು, ಮೂರು, ನಾಲ್ಕನೇ ಮನೆಯಲ್ಲಿ ಒಂದೊಂದು ಜೊತೆ ಚೂಪು ಕಾಲು. ಏಳು, ಎಂಟು, ಒಂಬತ್ತು, ಹತ್ತನೇ ಮನೆಯಲ್ಲಿ ಒಂದೊಂದು ಜೊತೆ ದಪ್ಪ ಮೆತ್ತೆಯಂಥ ಕಾಲು. ಹದಿನಾಲ್ಕರಲ್ಲಿ ಇನ್ನೊಂದು ಜೊತೆ. ಹನ್ನೆರಡನೇ ಮನೆಯ ಬೆನ್ನ ಮೇಲೆ ಒಂದು ಪುಟ್ಟ ಕೊಂಬು. ಪಕ್ಕದಲ್ಲಿ ಉಸಿರಾಡುವ ಕಪ್ಪು ಚುಕ್ಕೆಗಳು ಎರಡನೇ ಮನೆಯಲ್ಲಿ ಒಂದು, ಐದರಿಂದ ಹನ್ನೆರಡರವರೆಗೆ ಮನೆಗೊಂದು, ಒಂದು ಬದಿಗೆ ಒಟ್ಟು ಒಂಬತ್ತು.

ಹದಿನಾರು ಕಾಲು! ಹಾಗಾದರೆ ಕೀಟಕ್ಕೆ ಆರೇ ಕಾಲು ಎಂದು ಪುಸ್ತಕ ಹೇಳಿದ್ದು? ಈ ಪ್ರಶ್ನೆಯನ್ನು ಮಕ್ಕಳೇ ಕೇಳಿದರು, ಅದು ಕೇಳಬೇಕಾದ ಪ್ರಶ್ನೆಯೇ. ಉತ್ತರವನ್ನು ಶಿಕ್ಷಕಿ ಹೇಳಲಿಲ್ಲ. "ಪಟ್ಟಿಯನ್ನು ಇಟ್ಟುಕೊಂಡಿರಿ, ಚಿಟ್ಟೆ ಬಂದಾಗ ಯಾವ ಕಾಲು ಉಳಿದಿದೆ ನೋಡೋಣ" ಎಂದರು. ಎದೆಯ ಮೂರು ಜೊತೆಯ ಜಾಗದಲ್ಲಿ ಚಿಟ್ಟೆಯ ಕಾಲು ಬರುತ್ತವೆ, ಹೊಟ್ಟೆಯ ಮೆತ್ತೆಗಾಲು ಹುಳುವಿನ ಕಾಲಕ್ಕಷ್ಟೇ. ನಾಲ್ಕು ವಾರ ಕಾದು ಸಿಕ್ಕ ಈ ಉತ್ತರವನ್ನು ಬಾಯಿಪಾಠ ಮಾಡಿಸುವ ಅಗತ್ಯ ಬೀಳಲಿಲ್ಲ.

ನಿಂಬೆಗಿಡದ ಹುಳುವಿಗೂ ಇಂಥದೇ ಪಟ್ಟಿ ಮಾಡಿಸಿ ಎರಡನ್ನೂ ಗೋಡೆಗೆ ಅಕ್ಕಪಕ್ಕ ಅಂಟಿಸಿದಾಗ ಕಾಲುಗಳು ಮನೆಗೆ ಮನೆ ಹೊಂದಿಕೊಂಡವು. "ಹುಳು" ಬೇರೆ "ಹುಳ" ಬೇರೆ ಎಂಬ ವಾದ ಅಲ್ಲಿಗೆ ನಿಂತಿತು. ಬೇರೆಯಾಗಿದ್ದುದು ತಲೆಯ ಹಿಂದಿನ ಜಾಗ: ಕೆಣಕಿದರೆ ನಿಂಬೆ ಹುಳು ಅಲ್ಲಿಂದ ಕವಲೊಡೆದ ಕೆಂಪು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಒಂದು ಸಲ ನೋಡಲು ಸಾಕು, ಮತ್ತೆ ಮತ್ತೆ ಕೆಣಕಿಸಬಾರದು.

ಇದೇ ರೇಷ್ಮೆ ಹುಳುವನ್ನು ಎದುರಿಗಿಟ್ಟುಕೊಂಡು ಚಿತ್ರ ಬರೆಯತೊಡಗಿದ ಒಬ್ಬ ಹುಡುಗಿಯ ವಿಷಯವನ್ನು ಮಕ್ಕಳಿಗೆ ಹೇಳಲಾಯಿತು. ಮರಿಯಾ ಸಿಬಿಲ್ಲಾ ಮೆರಿಯನ್ 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದಳು, 13ನೇ ವಯಸ್ಸಿಗೆ ರೇಷ್ಮೆ ಹುಳು ಸಾಕಿ ಗಮನಿಸಲು ಶುರುಮಾಡಿದಳು. ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಲ್ಲವನ್ನೂ ಅದು ತಿನ್ನುವ ಗಿಡದೊಂದಿಗೆ ಒಂದೇ ಹಾಳೆಯಲ್ಲಿ ಬರೆಯುವುದು ಅವಳ ಪದ್ಧತಿ. ತರಗತಿಯೂ ಅದನ್ನೇ ಹಿಡಿಯಿತು: ಗಿಡವಿಲ್ಲದ ಹುಳುವಿನ ಚಿತ್ರ ಪೂರ್ತಿಯಾದ ಚಿತ್ರವಲ್ಲ.

ರಬ್ಬರ್ ಇಲ್ಲ ಎಂಬ ನಿಯಮದ ಬೆಲೆ ಆಮೇಲೆ ತಿಳಿಯಿತು. ಒಬ್ಬ ಹುಡುಗಿ ತನ್ನ ಪಟ್ಟಿಯ ಆರನೇ ಮನೆಯಲ್ಲಿ, ಉಸಿರಾಟದ ಚುಕ್ಕೆಗಿಂತ ಮೇಲೆ, ಇನ್ನೊಂದು ಕಪ್ಪು ಮಚ್ಚೆ ಬರೆದಿದ್ದಳು. ಗುಂಪಿನವರು ಅದು ಕೊಳೆ ಎಂದರು, ಅವಳು "ಇದೆ ಮಿಸ್, ನೋಡಿ" ಎಂದು ಪಟ್ಟು ಹಿಡಿದಳು. ಹುಳು ಗೂಡು ಕಟ್ಟಿತು. ವಾರ ಕಳೆಯುವಷ್ಟರಲ್ಲಿ ಗೂಡಿಗೆ ಸಣ್ಣ ತೂತು ಬಿದ್ದು ಬಿಳಿಯ ಹುಳವೊಂದು ಹೊರಗೆ ತೆವಳಿತು. ಅದು ಊಜಿ ನೊಣದ ಮರಿ. ಊಜಿ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ಮರಿ ಚರ್ಮ ಕೊರೆದು ಒಳಹೋದ ಜಾಗ ಕಪ್ಪಾಗುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟಾಗಿನಿಂದ ಈ ನೊಣ ಸಾಕುವವರ ನಿದ್ದೆ ಕೆಡಿಸಿದೆ, ಹುಳುಮನೆಗಳ ಕಿಟಕಿಗೆಲ್ಲ ಬಲೆ ಬಂದದ್ದು ಅದರಿಂದ. ಶಾಲೆಯಲ್ಲಿ ಅದು ಬಂದದ್ದು ಮಧ್ಯಾಹ್ನ ಸೊಪ್ಪು ಹಾಕಿ ಪರದೆ ಮುಚ್ಚದೆ ಬಿಟ್ಟ ಡಬ್ಬಿಯೊಳಗೆ. ಯಾರಿಗೂ ಗೊತ್ತಿಲ್ಲದ ಸಂಗತಿಯನ್ನು ಆ ಹುಡುಗಿಯ ಚಿತ್ರ ಮೊದಲೇ ದಾಖಲಿಸಿತ್ತು. ನೋಡಿ ಬರೆಯುವುದು ಏಕೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಆ ತರಗತಿಗೆ ಬೇಕಾಗಲಿಲ್ಲ.

ಹಸಿರು ಗೆರೆ, ಕೆಂಪು ಗೆರೆ

ಕತೆ ಕಟ್ಟಿಸುವಾಗ ಎರಡು ಅಪಾಯಗಳಿವೆ. ಹುಳುವಿಗೆ ಬ್ಯಾಗು, ಟಿಫಿನ್ ಡಬ್ಬಿ, ಶಾಲೆ ಎಲ್ಲ ಬಂದು ಅದು ಹುಳುವೇಷ ಹಾಕಿದ ಮಗುವಾಗುತ್ತದೆ. ಇಲ್ಲವೇ ಕತೆಯ ಹೆಸರಲ್ಲಿ ಪಾಠವನ್ನೇ ಒಪ್ಪಿಸಿದಂತಾಗುತ್ತದೆ. ಈ ತರಗತಿ ಎರಡರಲ್ಲೂ ಬಿದ್ದು ಎದ್ದಿತು.

ನಿಯಮ ಹೀಗಿತ್ತು. ಹುಳುವಿನ ಮೈ, ಊಟ, ದಿನಗಳ ಲೆಕ್ಕ ಈ ಮೂರರಲ್ಲಿ ಸುಳ್ಳು ಹೇಳುವಂತಿಲ್ಲ. ಅದರ ಮಾತು, ಆಸೆ, ಹೆದರಿಕೆ, ಹೆಸರು ಇವನ್ನು ಎಷ್ಟು ಬೇಕಾದರೂ ಕಟ್ಟಬಹುದು. ಬರೆದಾದ ಮೇಲೆ ಕಣ್ಣಾರೆ ಕಂಡ ವಾಕ್ಯದ ಕೆಳಗೆ ಹಸಿರು ಗೆರೆ, ಕಟ್ಟಿದ್ದರ ಕೆಳಗೆ ಕೆಂಪು ಗೆರೆ. ಐದಾದರೂ ಹಸಿರು ಗೆರೆ ಇರಬೇಕೆಂದು ಮೊದಲು ಹೇಳಲಾಗಿತ್ತು. ಅದು ತಪ್ಪಾಯಿತು. ಮಕ್ಕಳು ಐದು ಹಸಿರು ವಾಕ್ಯ ಮೇಲೆ ಬರೆದು, ಕೆಳಗೆ ಒಂದು ರಾಜಕುಮಾರಿಯ ಕತೆ ಬರೆದರು. ಎರಡಕ್ಕೂ ಸಂಬಂಧವಿರಲಿಲ್ಲ.

ಮುಂದಿನ ವಾರ ಲೆಕ್ಕ ಬಿಟ್ಟು ಮಾತು ಬದಲಿಸಲಾಯಿತು: ಪ್ರತಿ ಕೆಂಪು ವಾಕ್ಯವೂ ಒಂದು ಹಸಿರು ವಾಕ್ಯದ ಹೆಗಲ ಮೇಲೆ ಕೂರಬೇಕು. ಉದಾಹರಣೆಗೆ, ಜ್ವರಕ್ಕೆ ಕೂತ ಹುಳು ಸುಮಾರು ಒಂದು ದಿನ ತಲೆಯೆತ್ತಿ ಅಲ್ಲಾಡದೆ ಇರುತ್ತದೆ. ಇದು ಹಸಿರು. ಅದು ಏನನ್ನು ನೋಡುತ್ತಿದೆ? ಇದು ಕೆಂಪು. ಒಬ್ಬ ಹುಡುಗ ಬರೆದ: "ಹಳೇ ಅಂಗಿ ಬಿಗಿಯಾಗಿದೆ, ಹೊಸದು ಒಳಗೆ ಹೊಲೀತಿದೆ, ಉಸಿರು ಬಿಗಿ ಹಿಡ್ಕೊಂಡಿದೆ." ಥರ್ಮಾಮೀಟರ್ ಹಾಗೆ ತಾನಾಗಿ ಚಿತ್ರದಿಂದ ಹೊರಟುಹೋಯಿತು.

ಅಮ್ಮನ ವಿಷಯ ಇನ್ನೂ ಕಷ್ಟದ್ದಾಗಿತ್ತು. ಹಲವು ಕತೆಗಳಲ್ಲಿ ತಾಯಿಹುಳು ಮರಿಗೆ ಸೊಪ್ಪು ತಿನ್ನಿಸುತ್ತಿತ್ತು. ರೇಷ್ಮೆ ಚಿಟ್ಟೆ ಮೊಟ್ಟೆಯಿಟ್ಟು ಕೆಲವೇ ದಿನದಲ್ಲಿ ಸಾಯುತ್ತದೆ. ಯಾವ ಮರಿಯೂ ತಾಯನ್ನು ನೋಡುವುದಿಲ್ಲ. ಇದನ್ನು ತಿದ್ದಿ ಹೇಳಿಬಿಟ್ಟರೆ ಕತೆ ಸಾಯುತ್ತದೆ. ಶಿಕ್ಷಕಿ ಕೇಳಿದ್ದು ಒಂದೇ ಪ್ರಶ್ನೆ: "ಡಬ್ಬಿಯಲ್ಲಿ ಸೊಪ್ಪು ಹಾಕೋರು ಯಾರು?" ಆ ಗುಂಪಿನ ಹೊಸ ಕತೆ ಹೀಗೆ ಶುರುವಾಯಿತು: "ನಂಗೆ ಅಮ್ಮ ಇಲ್ಲ. ಸೊಪ್ಪು ಹಾಕೋ ಒಂದು ಕೈ ಇದೆ. ಆ ಕೈಯಲ್ಲಿ ಹಸಿರು ಬಳೆ ಇದೆ." ಇದರಲ್ಲಿ ಒಂದೇ ಒಂದು ಸುಳ್ಳಿಲ್ಲ, ಆದರೂ ಇದು ಪೂರಾ ಕತೆ. ಆರು ವಾರದ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ವಾಕ್ಯ ಹುಟ್ಟಲಿಲ್ಲ ಎಂದೇ ಹೇಳಬೇಕು.

ಮನೆಯಿಂದ ಬರುವ ಕತೆಗಳದು ಬೇರೆ ದಾರಿ. ಕಿಟಕಿಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜದ ಹುಳುವಿನ ಬಗ್ಗೆ ಒಬ್ಬನ ಅಜ್ಜಿ ಹೇಳಿದ್ದಳು: ಕಣಜ ಹಸಿರು ಹುಳುವನ್ನು ತಂದು ಗೂಡಲ್ಲಿಟ್ಟು, ಅದರ ಮುಂದೆ ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ ತನ್ನಂತೆಯೇ ಮಾಡಿಕೊಳ್ಳುತ್ತದೆ. ಭ್ರಮರ-ಕೀಟ ನ್ಯಾಯವೆಂದು ಹಿಂದಿನವರು ಹೇಳುತ್ತಿದ್ದುದು ಇದನ್ನೇ. ಅಜ್ಜಿಯನ್ನು ತಪ್ಪೆನ್ನುವುದು ಸುಲಭ, ಹಾಗನ್ನುವುದು ಅನ್ಯಾಯ ಕೂಡ. ಅಜ್ಜಿ ಕಂಡದ್ದು ಸರಿ: ಒಳಗೆ ಹೋದದ್ದು ಹಸಿರು ಹುಳು, ಹೊರಗೆ ಬಂದದ್ದು ಕಣಜ. ನಡುವೆ ಆದದ್ದನ್ನು ಮಣ್ಣು ಮುಚ್ಚಿತ್ತು. ಒಂದೇ ಒಂದು ಗೂಡನ್ನು ಶಿಕ್ಷಕಿಯೇ ಚಾಕುವಿನಿಂದ ಬಿಡಿಸಿ ಪೇಪರ್ ಮೇಲೆ ತೋರಿಸಿದರು. ಜೋಲುಬಿದ್ದ ಹಸಿರು ಹುಳುಗಳು, ಅವನ್ನು ತಿನ್ನುತ್ತಿದ್ದ ದಪ್ಪ ಮರಿ. ಕಣಜ ಹುಳುವನ್ನು ಚುಚ್ಚಿ ಸ್ತಬ್ಧಗೊಳಿಸಿ ತನ್ನ ಮೊಟ್ಟೆಯ ಜೊತೆ ಮುಚ್ಚಿಡುತ್ತದೆ. ಮರಿಗೆ ಅದು ಕೆಡದ ಬುತ್ತಿ. ಅಜ್ಜಿಯ ಕತೆ ಒಂದು ಹಾಳೆಯಲ್ಲಿ, ಗೂಡೊಳಗಿನ ಚಿತ್ರ ಪಕ್ಕದ ಹಾಳೆಯಲ್ಲಿ, ಎರಡೂ ಗೋಡೆಯ ಮೇಲೆ ಉಳಿದವು. ಊಜಿ ನೊಣವನ್ನು ಕಂಡಿದ್ದ ಮಕ್ಕಳಿಗೆ ಎರಡರ ಹೋಲಿಕೆಯನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಚಿಟ್ಟೆ ಬಾರದ ಗೂಡು

ನಾಲ್ಕನೇ ಗುಂಪಿನ ಹುಳುಗಳನ್ನು ಇರುವೆ ತಿಂದುಹಾಕಿದ್ದವು. ಮೇಜಿನ ನಾಲ್ಕು ಕಾಲನ್ನೂ ನೀರು ತುಂಬಿದ ತೆಂಗಿನ ಚಿಪ್ಪಿನಲ್ಲಿ ಇಟ್ಟಿದ್ದರೂ ಹೀಗಾಗಿತ್ತು, ಏಕೆಂದರೆ ಕಸಗುಡಿಸಿದ ಮೇಲೆ ಪೊರಕೆಯನ್ನು ಮೇಜಿಗೆ ಒರಗಿಸಿದ್ದರು. ಇರುವೆಗೆ ಒಂದು ಕಡ್ಡಿಯೂ ಸೇತುವೆಯೇ. ಬದಲಿಗೆ ಒಬ್ಬ ಹುಡುಗ ತನ್ನ ಮಾವನ ಬಿಚ್ಚಾಣಿಕೆ ಘಟಕದಿಂದ ಐದು ಗೂಡು ತಂದುಕೊಟ್ಟ.

ಮಿಕ್ಕ ಗುಂಪುಗಳಲ್ಲಿ ಒಂದು ಬೆಳಗ್ಗೆ ಚಿಟ್ಟೆಗಳು ಹೊರಬಂದವು. ಗೂಡಿನ ಒಂದು ತುದಿ ಮೊದಲು ಒದ್ದೆಯಾಗುತ್ತದೆ, ಚಿಟ್ಟೆ ಬಿಡುವ ದ್ರವದಿಂದ ಎಳೆಗಳು ಸಡಿಲವಾಗುತ್ತವೆ, ಅಲ್ಲಿಂದ ತಲೆ ತೂರುತ್ತದೆ. ಕೆನೆಬಣ್ಣದ ದಪ್ಪ ಮೈ, ಬಾಚಣಿಗೆಯಂಥ ಮೀಸೆ, ರೆಕ್ಕೆಯಿದ್ದೂ ಹಾರಲಾರದು, ಏನನ್ನೂ ತಿನ್ನದು. ಇಷ್ಟೇನಾ ಎಂದು ಕೆಲವರಿಗೆ ನಿರಾಸೆಯಾಯಿತು. ಅದೇ ವಾರ ಹೊರಬಂದ ನಿಂಬೆ ಚಿಟ್ಟೆಯನ್ನು ಕಿಟಕಿಯಿಂದ ಹಾರಿಬಿಟ್ಟಾಗ ಆ ನಿರಾಸೆ ಪ್ರಶ್ನೆಯಾಯಿತು: ಇದು ಯಾಕೆ ಹಾರಲ್ಲ? ಸಾವಿರಾರು ವರ್ಷ ಮನುಷ್ಯ ಸಾಕಿದ್ದರಿಂದ ಎಂಬ ಉತ್ತರ, ಸೊಪ್ಪು ಹಾಕುವ ಕೈಯ ಕತೆ ಬರೆದ ಗುಂಪಿಗೆ ಸರಕ್ಕನೆ ಹಿಡಿಯಿತು.

ನಾಲ್ಕನೇ ಗುಂಪಿನ ಗೂಡುಗಳಿಂದ ಏನೂ ಬರಲಿಲ್ಲ. ಹದಿನೈದು ದಿನ ಕಾದರು. ಆ ಗೂಡುಗಳನ್ನು ರೀಲರ್ ಬಳಿ ಆಗಲೇ ಬಿಸಿಗಾಳಿಗೆ ಇಟ್ಟಿದ್ದರು. ಒಳಗಿನ ಕೋಶ ಸತ್ತಿತ್ತು. ಪಾಠಕ್ಕೆ ಗೂಡು ಬೇಕಿದ್ದರೆ ಸಾಕುವವರ ಚಂದ್ರಿಕೆಯಿಂದಲೇ ತರಬೇಕು. ಕಿವಿಯ ಬಳಿ ಅಲ್ಲಾಡಿಸಿ ನೋಡುವುದರಿಂದ ಗೊತ್ತಾಗದು, ಸತ್ತ ಕೋಶವೂ ಸದ್ದು ಮಾಡುತ್ತದೆ.

ಆಗ ಬಂತು ಕಷ್ಟದ ಗಳಿಗೆ. "ಯಾರು ಸಾಯಿಸಿದ್ದು ಮಿಸ್?" ಗೂಡು ತಂದುಕೊಟ್ಟ ಹುಡುಗ ತಲೆ ತಗ್ಗಿಸಿದ. ಇಂಥ ಕಡೆ ನೀತಿಬೋಧೆ ಮಾಡಿದರೆ ಮಗು ತನ್ನ ಮನೆಯವರ ಅನ್ನದ ಬಗ್ಗೆ ನಾಚುತ್ತದೆ. ವಿಷಯ ಮರೆಸಿದರೆ ಹಸಿರು ಗೆರೆಗೆ ಬೆಲೆಯಿಲ್ಲ. ಶಿಕ್ಷಕಿ ಅಂದು ಏನನ್ನೂ ಹೇಳದೆ, ಬಿಚ್ಚಾಣಿಕೆ ಕೆಲಸ ಮಾಡುವ ಒಬ್ಬ ವಿದ್ಯಾರ್ಥಿನಿಯ ಅಜ್ಜಿಯನ್ನು ಮುಂದಿನ ಶನಿವಾರ ಕರೆಸಿದರು. ಅಜ್ಜಿ ಒಂದು ಗೂಡನ್ನು ಬಿಸಿನೀರಿನಲ್ಲಿ ಹದಮಾಡಿ, ಸಣ್ಣ ಪೊರಕೆಯಿಂದ ಮೇಲಿನ ಸಿಕ್ಕು ತೆಗೆದು, ಒಂದೇ ಎಳೆಯ ತುದಿ ಹಿಡಿದು ಮಕ್ಕಳ ಕೈಗೆ ಕೊಟ್ಟರು. ಬಿಸಿನೀರಿನ ಬಳಿ ಅಜ್ಜಿ ಮತ್ತು ಶಿಕ್ಷಕಿ ಬಿಟ್ಟು ಯಾರೂ ಇರಲಿಲ್ಲ. ಒಂದೊಂದು ಬದಿ 25 ಸೆಂ.ಮೀ. ಇರುವ ಚೌಕಟ್ಟಿಗೆ ಎಳೆ ಸುತ್ತಿದರೆ ಒಂದು ಸುತ್ತಿಗೆ ಒಂದು ಮೀಟರ್. ನೂರು ಸುತ್ತಿಗೊಬ್ಬರಂತೆ ಸುತ್ತುತ್ತಾ ಹೋದರು, ನಡುವೆ ಎರಡು ಸಲ ತುಂಡಾಗಿ ಮತ್ತೆ ಹಿಡಿಯಬೇಕಾಯಿತು. ನೂರಾರು ಸುತ್ತು ದಾಟಿ ಗೂಡು ತೆಳ್ಳಗಾಗಿ ಒಳಗಿನ ಕೋಶ ಕಂಡಿತು. ಎಳೆಯ ಉದ್ದ, ಕೋಶ, ಅಜ್ಜಿಯ ಬೆರಳ ತುದಿಯ ಸುಟ್ಟ ಕಲೆ ಮೂರನ್ನೂ ಮಕ್ಕಳು ಒಟ್ಟಿಗೆ ನೋಡಿದರು. ಪ್ರಶ್ನೆ ಕೇಳಿದ ಹುಡುಗಿಗೆ ಅಜ್ಜಿಯೇ ಹೇಳಿದರು: "ಸಾಯುತ್ತೆ ಕಣಮ್ಮ. ಅದಕ್ಕೇ ಒಂದು ಎಳೇನೂ ದಂಡ ಮಾಡಬಾರದು ಅನ್ನೋದು."

ಆ ದಿನದಿಂದ ಕತೆಗಳಿಗೆ ಎರಡು ಕೊನೆ ಬಂದವು. ಒಂದು ಗೂಡು ಎಳೆಯಾಗುತ್ತದೆ, ಇನ್ನೊಂದು ಚಿಟ್ಟೆಯಾಗುತ್ತದೆ. ಯಾವುದು ಸರಿ ಎಂದು ಯಾರೂ ತೀರ್ಪು ಕೊಡಲಿಲ್ಲ, ಕೊಡದಿದ್ದುದೇ ಒಳ್ಳೆಯದಾಯಿತು.

ಚಿಟ್ಟೆಗಳು ಕಾಗದದ ಮೇಲೆ ಇಟ್ಟ ಮೊಟ್ಟೆಗಳನ್ನು ಮನೆಗೊಯ್ಯಲು ಮಕ್ಕಳು ಕಾದಿದ್ದರು. ಅದನ್ನು ಬಿಡಲಾಗದು. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಬರುತ್ತದೆ. 1865ರಲ್ಲಿ ಈ ರೋಗದ ಅಧ್ಯಯನಕ್ಕಿಳಿದ ಲೂಯಿ ಪಾಶ್ಚರ್ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಮೊಟ್ಟೆ ಆರಿಸುವ ದಾರಿ ತೋರಿಸಿದ, ಮೊಟ್ಟೆ ಕೇಂದ್ರಗಳಲ್ಲಿ ಇಂದಿಗೂ ಅದೇ ಕ್ರಮ. ಎಣಿಸಿ, ಚಿತ್ರ ಬರೆದು, ಕಾಗದವನ್ನು ಸುಡಲಾಯಿತು.

ಮಣ್ಣು, ನೆರಳು

ಐದನೇ ವಾರ ಗಣೇಶನ ಹಬ್ಬದ ಹತ್ತಿರ, ಕೆರೆಯ ಜೇಡಿಮಣ್ಣು ಸುಲಭವಾಗಿ ಸಿಕ್ಕಿತು. ಎಲ್ಲರಿಗೂ ಸೇರಿ 2 ಕೆ.ಜಿ. ಸಾಕು. ಮಾಡಬೇಕಾಗಿದ್ದುದು ಇರುವೆ. ಮೊದಲ ಸುತ್ತಿನಲ್ಲಿ ಹೆಚ್ಚಿನವು ನಾಯಿಯಂತಿದ್ದವು: ಎರಡು ಉಂಡೆ, ಹೊಟ್ಟೆಯ ಕೆಳಗೆ ನಾಲ್ಕು ಕಾಲು. ಎರಡನೇ ಸುತ್ತಿನಲ್ಲಿ ಕ್ರಮ ತಿರುಗಿಸಿ ಎದೆಯನ್ನು ಮೊದಲು ಮಾಡಿಸಲಾಯಿತು. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡ ಉಂಡೆ, ಅದರ ಎರಡೂ ಬದಿಗೆ ಮೊಳೆಯಿಂದ ಮೂರು ಮೂರು ತೂತು, ಆಮೇಲಷ್ಟೇ ಮುಂದೆ ತಲೆ, ಹಿಂದೆ ಹೊಟ್ಟೆ. ಹೀಗೆ ಮಾಡಿದಾಗ ಕಾಲು ಬೇರೆಡೆ ಹೋಗಲು ದಾರಿಯೇ ಇರುವುದಿಲ್ಲ. ಮಣ್ಣಿನ ಕಾಲುಗಳು ಒಣಗುವಾಗ ಕುಗ್ಗಿ ಮುರಿಯುತ್ತವೆ; ತೆಂಗಿನಗರಿಯ ಕಡ್ಡಿಯನ್ನು ಮಣ್ಣು ಅರೆ ಒಣಗಿದಾಗ ಚುಚ್ಚಬೇಕು. ಹಸಿಯಲ್ಲಿ ಚುಚ್ಚಿದರೆ ಒಣಗಿದ ಮೇಲೆ ಸಡಿಲ, ಪೂರ್ತಿ ಒಣಗಿದ ಮೇಲೆ ಚುಚ್ಚಿದರೆ ಬಿರುಕು.

ಅದೇ ವಾರ ನೂಲು ತೆಗೆಯುವವರ ಸಾಲನ್ನು ಗೋಡೆಗೆ ಬರೆದರು. ರೇಷ್ಮೆ ಹುಳುವಿಗೆ ನೂಲು ಬಾಯಿಯ ಕೆಳಗಿನಿಂದ. ನಿಂಬೆ ಹುಳುವಿಗೂ ಅಲ್ಲಿಂದಲೇ, ಆದರೆ ಅದು ಗೂಡು ಕಟ್ಟದೆ ಸೊಂಟಕ್ಕೊಂದು ಎಳೆ ಬಿಗಿದು ಕಡ್ಡಿಗೆ ಒರಗುತ್ತದೆ. ಮಾವಿನ ಎಲೆ ಹೊಲಿದು ಗೂಡು ಮಾಡುವ ಕೆಂಪಿರುವೆಗಳಲ್ಲಿ ದೊಡ್ಡವಕ್ಕೆ ನೂಲಿಲ್ಲ, ಮರಿಯನ್ನು ಬಾಯಲ್ಲಿ ಹಿಡಿದು ಅದರ ನೂಲಿನಿಂದ ಎಲೆ ಅಂಟಿಸುತ್ತವೆ. ಜೇಡಕ್ಕೆ ಹಿಂಭಾಗದಿಂದ, ಅದಕ್ಕೆ ಎಂಟು ಕಾಲು, ಅದು ಕೀಟವಲ್ಲ.

ಕೊನೆಯ ಶನಿವಾರ ನೆರಳಾಟ. ಕೋಲಾರ, ತುಮಕೂರು ಸೀಮೆಗೆ ತೊಗಲುಗೊಂಬೆ ಹೊಸದಲ್ಲ. ಇಲ್ಲಿ ತೊಗಲಿನ ಬದಲು ಹಳೆಯ ಮದುವೆ ಕರೆಯೋಲೆಗಳ ದಪ್ಪ ಕಾಗದ. ಚಿಟ್ಟೆಯ ರೆಕ್ಕೆಗೆ ತೆಳು ಕಾಗದಕ್ಕೆ ಕಡಲೆಕಾಯಿ ಎಣ್ಣೆ ಸವರಿ ಒರೆಸಿದರೆ ಬೆಳಕು ಹಾಯುತ್ತದೆ. ಕೀಲಿಗೆ ದಪ್ಪ ದಾರ, ಎರಡೂ ಬದಿ ಗಂಟು. ಒಂಟಿ ಗರಿಕಡ್ಡಿ ಬಾಗುತ್ತದೆ, ಎರಡನ್ನು ಸೇರಿಸಿ ಕಟ್ಟಬೇಕು. ಪರದೆ ಬಿಳಿ ಪಂಚೆ, ಹಿಂದೆ ನಾಲ್ಕೈದು ಅಡಿ ದೂರದಲ್ಲಿ ಒಂದೇ ಬಲ್ಬು. ಟ್ಯೂಬ್‌ಲೈಟ್ ಇಟ್ಟರೆ ನೆರಳು ಮಸುಕಾಗುತ್ತದೆ. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿಯದಿದ್ದರೂ ಅಷ್ಟೇ. ಅಮ್ಮಂದಿರು, ಅಜ್ಜಿಯರು ಬಂದು ನೋಡಿದರು, ಊಜಿ ನೊಣ ಪರದೆಗೆ ಬಂದಾಗ ಹಿಂದಿನಿಂದ ಬೈಗುಳವೂ ಕೇಳಿಸಿತು.

ಮರುವಾರ ಮೊದಲ ದಿನದ ಹಾಗೆಯೇ ಅರ್ಧ ಶೀಟ್ ಕೊಟ್ಟು ಅದನ್ನೇ ಮತ್ತೆ ಬರೆಸಲಾಯಿತು. ಈ ಸಲ ಮೊಟ್ಟೆಯಿಂದ ಹೊರಟ ಗೆರೆ ಬಹುತೇಕ ಹಾಳೆಗಳಲ್ಲಿ ಚಿಟ್ಟೆಯಾಗಿ ಮತ್ತೆ ಮೊಟ್ಟೆಗೆ ಬಂದು ಸೇರಿತ್ತು, ಗೂಡಿನ ಬಳಿ ಒಂದು ಕವಲು ಸೀರೆಯ ಕಡೆಗೂ ಹೋಗಿತ್ತು. ಜರಿ ಅಂಚಿನ ಹುಡುಗಿ ಅಂಚನ್ನು ಬಿಟ್ಟಿರಲಿಲ್ಲ. ಇರುವೆಗಳಿಗೆ ಆರು ಕಾಲು ಬಂದಿದ್ದವು. ಜೇಡಕ್ಕೆ ಮಾತ್ರ ಹಲವರು ಮೀಸೆ ಬರೆದಿದ್ದರು, ಜೇಡಕ್ಕೆ ಅದಿಲ್ಲ. ಜೇಡವನ್ನು ಗೋಡೆಯ ಚಿತ್ರದಲ್ಲಿ ಸೇರಿಸಿದ್ದು ಬಿಟ್ಟರೆ ಡಬ್ಬಿಯಲ್ಲಿಟ್ಟು ಯಾರೂ ನೋಡಿ ಬರೆದಿರಲಿಲ್ಲ, ತಪ್ಪು ಉಳಿದದ್ದು ಅಲ್ಲೇ. ಅವರೆ ಹೂಬಿಡುವ ಹೊತ್ತಿಗೆ ಸಾಲಿನ ನಡುವೆ ಬಲೆಗಳು ಹೆಚ್ಚುತ್ತವೆ. ಪಟ್ಟಿ ಮತ್ತು ಭೂತಗನ್ನಡಿಯನ್ನು ಆಗ ಮತ್ತೆ ಹೊರತೆಗೆಯುವುದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಾಗಿದೆ.